ಮುಸುಕಿನ ಜೋಳದ ಜ್ಞಾನಕಣಜ

ಅಮೆರಿಕಾದ ನ್ಯೂಯಾರ್ಕ್ ಪ್ರಾಂತದಲ್ಲಿ ಕಯೂಗ ಎಂಬ ನೀಳವಾದ ಸರೋವರವಿರುವುದು. ಅದರ ದಕ್ಷಿಣದ ತುದಿಯಲ್ಲಿ ಇಥಾಕ ಪಟ್ಟಣ. ಪಟ್ಟಣದ ಮೇಲಣ ಗುಡ್ಡದಲ್ಲಿ ಕಾರ್ನೆಲ್ ವಿಶ್ವವಿದ್ಯಾನಿಲಯ. ಇಕ್ಕೆಲಗಳಲ್ಲಿಯೂ ಕಂದರಗಳನ್ನು ಕೊರೆದುಕೊಂಡು ತೊರೆಗಳು ಧುಮುಕುವುವು. ಪ್ರವಾಸಿಗಳು ಜಲಪಾತಗಳನ್ನು ನೋಡಿ ತೃಪ್ತರಾಗಿ ಹಿಂದಿರುಗುವರು. ಆದರೆ ಈ ಸ್ಥಳದ ಮಹಿಮೆಯು ನೀರಿನಲ್ಲಿ ಮಾತ್ರವಲ್ಲ, ಇಲ್ಲಿ ಬೆಳೆದ ಮುಸುಕಿನ ಜೋಳದಲ್ಲಿಯೂ ಉಂಟು.

ರೋಲಿನ್ಸ್ ಎಮರ್ಸನ್ ಎಂಬ ಆಚಾರ್ಯರು ಇಲ್ಲಿ ಜೋಳದ ಆನುವಂಶಿಕ ಗುಣಗಳನ್ನು ಪರೀಕ್ಷಿಸುತ್ತಿದ್ದರು. ಅವರ ಬಳಗದ ತರುಣರಲ್ಲಿ ಜಾರ್ಜ್ ಬೀಡ್ಲರು 1958ರಲ್ಲಿಯೂ ಬಾರ್ಬರಾ ಮ್ಯಾಕ್ಲಿಂಟಾಕರು 1983ರಲ್ಲಿಯೂ ನೊಬೆಲ್ ಪಾರಿತೋಷಕವನ್ನು ಪಡೆದರು. ವಿದ್ವಾಂಸರು ತಮ್ಮ ಶೋಧವನ್ನು ಅಚ್ಚಾಗುವ ತನಕ ಬಚ್ಚಿಡುವುದು ಲೋಕರೂಢಿ. ಎಮರ್ಸನ್ನರಾದರೋ 1929ರಿಂದ, ಇನ್ನೂ ಅಚ್ಚಾಗದ ಫಲಿತಾಂಶಗಳನ್ನೇ ಸಂಶೋಧಕರಿಂದ ತರಿಸಿ, ಪತ್ರರೂಪದಲ್ಲಿ ಎಲ್ಲರಿಗೂ ಹಂಚತೊಡಗಿದರು. ಕೊಟ್ಟಷ್ಟೂ ಬೆಳೆಯುವ ಧನವು ವಿದ್ಯೆಯೆಂಬುದನ್ನು ಅವರು ಆಚರಿಸಿ ತೋರಿಸಿದರು.

ಕಾಲಕ್ರಮದಲ್ಲಿ ಪತ್ರಗಳ ಸ್ಥಾನಕ್ಕೆ ಗಣಕಯಂತ್ರಗಳು ಬಂದುವು. ಆಗ ಜ್ಞಾನವು ಎರಡು ಕಣಜಗಳಲ್ಲಿ ಶೇಖರವಾಯಿತು. ಮಿಸೂರಿ ಪ್ರಾಂತದ ಕಣಜದಲ್ಲಿ, ಜೋಳದ ಹತ್ತು ಜೊತೆ ವರ್ಣತಂತುಗಳಲ್ಲಿ ಯಾವ ವಂಶವಾಹಿ ಎಲ್ಲಿರುವುದೆಂಬ ಲೆಕ್ಕ. ಅಯೋವಾ ಪ್ರಾಂತದ ಕಣಜದಲ್ಲಿ, ವಂಶವಾಹಿಗಳ ಅಕ್ಷರಕ್ರಮವೂ ಬೇರು, ಎಲೆ, ತೆನೆಗಳಲ್ಲಿ ಯಾವುದು ಕೆಲಸಮಾಡುವುದೆಂಬ ಲೆಕ್ಕವೂ ಇದ್ದುವು. ಮೊದಲನೆಯದು ಊರಿನ ಮನೆಗಳ ಪಟ್ಟಿಯಂತೆ. ಎರಡನೆಯದು ಯಾವ ಮನೆಯಲ್ಲಿ ದೀಪ ಉರಿಯುತ್ತಿದೆಯೆಂಬ ವರದಿಯಂತೆ. ಒಂದನ್ನು ಬಿಟ್ಟರೆ ಇನ್ನೊಂದು ಅರ್ಧಜ್ಞಾನವೇ ಸರಿ.

2003ರಲ್ಲಿ ಇವೆರಡೂ ಕೂಡಿ 'ಮೇಜ್ ಜಿ.ಡಿ.ಬಿ.' ಎಂಬ ಒಂದೇ ಭಂಡಾರವಾದುವು. ಅಯೋವಾದ ಜೋಳದ ಬಯಲುಗಳ ನಡುವಣ ಏಮ್ಸ್ ಪಟ್ಟಣವೇ ಇದರ ನೆಲೆ. ಕೂಡಿಸುವುದು ಬರಿಯ ರಾಶಿಹಾಕುವ ಕೆಲಸವಲ್ಲ. ಮನೆಯಲ್ಲಿ ಪುಟ್ಟನೆನಿಸಿದವನು ಶಾಲೆಯ ದಾಖಲೆಯಲ್ಲಿ ನಾರಾಯಣನಾಗಿರುವಂತೆ, ಒಂದೇ ವಂಶವಾಹಿಗೆ ಹಲವು ಹೆಸರುಗಳಿರುವುವು. ಇಬ್ಬರೂ ಒಬ್ಬನೇ ಎಂದು ನಿರ್ಧರಿಸಲು ಯಂತ್ರದೊಡನೆ ತಿಳಿದವರ ತಾಳ್ಮೆಯೂ ಬೇಕು. ತಪ್ಪಿದರೆ ಒಬ್ಬನ ಗುಣವು ಮತ್ತೊಬ್ಬನ ಲೆಕ್ಕಕ್ಕೆ ಸೇರುವುದು.

ಸ್ಥಾನಕ್ಕೂ ಕಾರ್ಯಕ್ಕೂ ಇರುವ ನಂಟನ್ನು ಮ್ಯಾಕ್ಲಿಂಟಾಕರು 1940ರ ದಶಕದಲ್ಲಿಯೇ ಕಂಡಿದ್ದರು. ವರ್ಣತಂತುವಿನ ತುಣುಕೊಂದು ಸ್ಥಳ ಬದಲಿಸಿದರೆ ಕಾಳಿನ ಬಣ್ಣವೇ ಬದಲಾಗುವುದನ್ನು ಅವರು ತೋರಿಸಿದರು. ಲೋಕವು ಅದನ್ನು ಮನ್ನಿಸಲು ದಶಕಗಳು ಹಿಡಿದುವು.

ಈ ಕಣಜಕ್ಕೆ ಬೀಗವಿಲ್ಲ. ಮುಸುಕಿನ ಜೋಳವನ್ನು ಹೇರಳವಾಗಿ ಬೆಳೆಯುವ ನಮ್ಮ ದಾವಣಗೆರೆ, ಹಾವೇರಿಗಳ ವಿದ್ಯಾರ್ಥಿಯೂ ಕಾಸು ಕೊಡದೆ ಇದನ್ನು ತೆರೆದು ನೋಡಬಹುದು. ಆದರೆ ಕಣಜ ತುಂಬಿದ ಮಾತ್ರಕ್ಕೆ ಕಾಳು ಉಳಿಯದು; ವರ್ಷವರ್ಷವೂ ಹಸನುಮಾಡಿ ಕಾಯುವವರು ಬೇಕು. ಅವರ ಹೆಸರನ್ನು ಯಾರೂ ಅರಿಯರು; ಅವರಿಲ್ಲದಿದ್ದರೆ ಎಮರ್ಸನ್ನರು ಹಂಚಿದ್ದೂ ನಮ್ಮವರೆಗೆ ಬಾರದು.