ನಮ್ಮ ಮನೆಯ ಕಂಪ್ಯೂಟರಿನ ಜೀರ್ಣೋದ್ಧಾರ

ಮನುಷ್ಯನನ್ನು ಕಾಡುವ ಆಸೆಗಳು ಮೂರು, ಹೆಣ್ಣು ಹೊನ್ನು ಮಣ್ಣು, ಎಂದು ಹಿರಿಯರು ಲೆಕ್ಕ ಹಾಕಿದರು. ಅವರ ಕಾಲದಲ್ಲಿ ಕಂಪ್ಯೂಟರು ಇರಲಿಲ್ಲ. ಇದ್ದಿದ್ದರೆ ಗ್ರಾಫಿಕ್ಸ್ ಕಾರ್ಡನ್ನು ನಾಲ್ಕನೆಯದಾಗಿ ಸೇರಿಸುತ್ತಿದ್ದರೆಂಬುದನ್ನು ನನ್ನ ತಮ್ಮನನ್ನು ಬಲ್ಲವರು ಯಾರೂ ಅಲ್ಲಗಳೆಯಲಾರರು.

ನಮ್ಮದು ಹುಣಸೂರು ತಾಲ್ಲೂಕಿನಲ್ಲಿ ಹೊಗೆಸೊಪ್ಪು ಬೆಳೆಯುವ ಮನೆ. ಮನೆಯಲ್ಲಿ ಒಂದು ಕಂಪ್ಯೂಟರಿದೆ. ಅದು ಮೈಸೂರಿನ ಕಚೇರಿಯೊಂದರಲ್ಲಿ ಸೇವೆ ಮುಗಿಸಿ, ಕೈಯಿಂದ ಕೈಗೆ ದಾಟಿ, ಕೊನೆಗೆ ನಿವೃತ್ತಿವೇತನವಿಲ್ಲದ ಮುದುಕನಂತೆ ನಮ್ಮಲ್ಲಿಗೆ ಬಂದು ಸೇರಿತು. ಇಂಟೆಲ್ ಕಂಪನಿಯ ನಾಲ್ಕನೆಯ ಪೀಳಿಗೆಯ ಐ3 ಪ್ರೊಸೆಸರು, 4 ಜಿಬಿ ರ್‍ಯಾಮು, 500 ಜಿಬಿ ಹಾರ್ಡ್ ಡಿಸ್ಕು, ಇಷ್ಟೇ ಅದರ ಆಸ್ತಿ. ಯಜಮಾನರು ಮಾತ್ರ ಮೂವರು. ಅಕ್ಕ ಅದರಲ್ಲಿ ಬೆರಳಚ್ಚು ಮಾಡಿ ನಾಲ್ಕು ಕಾಸು ಸಂಪಾದಿಸುತ್ತಾಳೆ. ಪಿರಿಯಾಪಟ್ಟಣದ ಲಗ್ನಪತ್ರಿಕೆ, ಕೆ.ಆರ್. ನಗರದ ಸಂಘವೊಂದರ ವರದಿ, ಎಚ್.ಡಿ. ಕೋಟೆ ಕಡೆಯ ಜಾತ್ರೆಯ ಕರಪತ್ರ, ಎಲ್ಲವೂ ಅವಳ ಕೈಯಲ್ಲಿ ಹಾದುಹೋಗುತ್ತವೆ. ನನ್ನ ಕಾಲೇಜು ಶುಲ್ಕ ಬರುವುದೂ ಅಲ್ಲಿಂದಲೇ. ನಾನು ಬರೆದು ಒಪ್ಪಿಸಬೇಕಾದ ಪ್ರಬಂಧಗಳಿಗೆ ಎರಡನೆಯ ಹಕ್ಕು. ರಾತ್ರಿ ಊಟವಾದ ಮೇಲೆ ತಮ್ಮನ ಆಟದ ಸರದಿ.

ಕಳೆದ ಲಗ್ನಗಳ ಕಾಲದಲ್ಲಿ ಯಂತ್ರ ಹಟ ಹಿಡಿಯಿತು. ಗುಂಡಿ ಒತ್ತಿ, ಒಲೆಯ ಮೇಲೆ ಕಾಫಿಗಿಟ್ಟು, ಕುಡಿದು ಬಂದರೂ ಪರದೆ ಸಿದ್ಧವಾಗಿರುತ್ತಿರಲಿಲ್ಲ. ಕಾದು ಬೇಸತ್ತ ಗಿರಾಕಿಯೊಬ್ಬರು ಪತ್ರಿಕೆಯನ್ನು ಬೇರೆ ಕಡೆ ಮಾಡಿಸಿಕೊಂಡರು. ಅಕ್ಕ ಏನೂ ಹೇಳಲಿಲ್ಲ. ಸುಮ್ಮನೆ ಯಂತ್ರದ ಮೇಲಿನ ಧೂಳು ಒರೆಸಿದಳು. ಅದನ್ನು ಕಂಡ ಅಪ್ಪ ಹರಾಜಿನಲ್ಲಿ ಹೊಗೆಸೊಪ್ಪು ಮಾರಿದ ಹಣದಿಂದ 10,000 ರೂಪಾಯಿ ತೆಗೆದು ನನ್ನ ಕೈಗಿಟ್ಟರು.

ಹಣ ಬಂದೊಡನೆ ಎತ್ತು ಏರಿಗೆ ಎಳೆಯಿತು, ಕೋಣ ನೀರಿಗೆ ಎಳೆಯಿತು. ತಮ್ಮನಿಗೆ ಗ್ರಾಫಿಕ್ಸ್ ಕಾರ್ಡು ಬೇಕು. ನನಗೆ ಹೊಸ ಪ್ರೊಸೆಸರಿನ ಮೋಹ. ಅದಕ್ಕೆ ಮದರ್‌ಬೋರ್ಡನ್ನೂ ಬದಲಿಸಬೇಕೆಂಬುದು ತಿಳಿದ ಮೇಲೂ ಮೋಹ ಇಳಿಯಲಿಲ್ಲ. ನಮ್ಮ ವಾದವನ್ನು ಜಗುಲಿಯಿಂದ ಕೇಳುತ್ತಿದ್ದ ಅಪ್ಪ, "ಬ್ಯಾರನ್ನಿನಲ್ಲಿ ಕಾವು ಏರದಿದ್ದರೆ ಮೊದಲು ಸೌದೆ ತುಂಬುತ್ತೀಯೋ, ಕೊಳವೆ ಎಲ್ಲಿ ಕಟ್ಟಿದೆ ಅಂತ ನೋಡುತ್ತೀಯೋ ಮಗ?" ಎಂದರು. ಕಂಪ್ಯೂಟರನ್ನು ಎಂದೂ ಮುಟ್ಟದವರಿಂದ ಬಂದ ಮಾತು ಅದು.

ನೋಡಿದೆವು. ಯಾವ ಭಾಗ ಎಷ್ಟು ದುಡಿಯುತ್ತಿದೆಯೆಂದು ಟಾಸ್ಕ್ ಮ್ಯಾನೇಜರು ತೋರಿಸುತ್ತದೆ. ಪ್ರೊಸೆಸರು ಮುಕ್ಕಾಲು ಪಾಲು ವಿರಾಮದಲ್ಲಿತ್ತು. ರ್‍ಯಾಮು ತುಂಬಿತ್ತು. ಹಾರ್ಡ್ ಡಿಸ್ಕು ಮಾತ್ರ ನೂರಕ್ಕೆ ನೂರು ದುಡಿಯುತ್ತಿತ್ತು. ರ್‍ಯಾಮಿನಲ್ಲಿ ಜಾಗ ಸಾಲದಿದ್ದಾಗ ಯಂತ್ರವು ಉಳಿದದ್ದನ್ನು ಡಿಸ್ಕಿಗೆ ಹೊತ್ತುಹಾಕಿ, ಬೇಕಾದಾಗ ಮತ್ತೆ ಹೊತ್ತು ತರುತ್ತದೆ. ನಿಮಿಷಕ್ಕೆ 7,200 ಸುತ್ತು ತಿರುಗುವ ಆ ತಟ್ಟೆ ಸೆಕೆಂಡಿಗೆ ಹೆಚ್ಚೆಂದರೆ ನೂರು, ನೂರೈವತ್ತು ಎಂಬಿ ಓದಬಲ್ಲದು; ಚದುರಿದ ಕಡತಗಳಾದರೆ ಅದರ ಅಲ್ಪ ಭಾಗವೂ ಇಲ್ಲ. ತಿರುಗುವ ಅಂಗವೇ ಇಲ್ಲದ ಎಸ್‌ಎಸ್‌ಡಿ ಅದೇ ಸಾಟಾ ತಂತಿಯಲ್ಲಿ ಸುಮಾರು 500 ಎಂಬಿ ಓದುತ್ತದೆ. ಕೊಳವೆ ಕಟ್ಟಿದ್ದು ಅಲ್ಲಿ. ಅದನ್ನು ಬಿಟ್ಟು ಹೊಸ ಪ್ರೊಸೆಸರು ತಂದಿದ್ದರೆ ಒಡಕು ಕೊಳವೆಗೆ ಸೌದೆ ಒಟ್ಟಿದಂತಾಗುತ್ತಿತ್ತು.

ಹೀಗೆ ಪಟ್ಟಿ ಸಿದ್ಧವಾಯಿತು: ಒಂದು ಎಸ್‌ಎಸ್‌ಡಿ, ಒಂದು ರ್‍ಯಾಮು, ಒಳ್ಳೆಯ ಎಸ್‌ಎಂಪಿಎಸ್. ಈ ಕೊನೆಯದನ್ನು ಯಾರೂ ಆಸೆಪಟ್ಟು ಕೊಳ್ಳುವುದಿಲ್ಲ. ಆದರೆ ನಮ್ಮ ಹಳ್ಳಿಯ ವಿದ್ಯುತ್ತಿನ ಏರಿಳಿತಕ್ಕೆ ಅದು ಸುಟ್ಟರೆ ಜೊತೆಗೆ ಮದರ್‌ಬೋರ್ಡನ್ನೂ ಕರೆದೊಯ್ಯಬಹುದು. ಉಳಿದ ಹಣದಲ್ಲಿ ತಮ್ಮನಿಗೆ ಹಳೆಯ ಗ್ರಾಫಿಕ್ಸ್ ಕಾರ್ಡು. 75 ವ್ಯಾಟಿನೊಳಗಿನ ಕಾರ್ಡಾದರೆ ಸ್ಲಾಟಿನಿಂದಲೇ ವಿದ್ಯುತ್ತು ಪಡೆಯುತ್ತದೆ, ಬೇರೆ ತಂತಿ ಬೇಡ, ಎಂದು ಅವನೇ ಓದಿ ತಿಳಿದುಕೊಂಡಿದ್ದ.

ಮೈಸೂರಿನ ಬಸ್ಸು ಹತ್ತಿದವನು ನಾನು. ಸಾಮಾನು ಆರಿಸಿದವನೂ ನಾನೇ. ಮನೆಗೆ ಬಂದು ರ್‍ಯಾಮನ್ನು ಒತ್ತಿದರೆ ಕೂರಲೊಲ್ಲದು. ನಮ್ಮ ಬೋರ್ಡಿಗೆ ಬೇಕಾದದ್ದು ಡಿಡಿಆರ್3. ನಾನು ತಂದದ್ದು ಡಿಡಿಆರ್4. ಎರಡೂ ನೋಡಲು ಅಣ್ಣತಮ್ಮಂದಿರಂತಿದ್ದರೂ ಅಂಚಿನ ಕಚ್ಚು ಇರುವ ಜಾಗ ಬೇರೆ. ತಪ್ಪಾಗದಿರಲೆಂದೇ ಹಾಗೆ ಮಾಡಿದ್ದಾರೆ. ಮಾರಿದ ಸರಕನ್ನು ಹಿಂದಕ್ಕೆ ಪಡೆಯುವುದಿಲ್ಲವೆಂದು ಚೀಟಿಯಲ್ಲೇ ಅಚ್ಚಾಗಿತ್ತು. ಎರಡನೆಯ ಪ್ರಯಾಣದಲ್ಲಿ ಸರಿಯಾದ 4 ಜಿಬಿ ತುಂಡನ್ನು ತಂದೆ. ಆದರೆ ಅಷ್ಟು ಹೊತ್ತಿಗೆ ತಮ್ಮನ ಕಾರ್ಡಿನ ಹಣ ಕರಗಿತ್ತು. ಅವ್ವ ಬೈದಿದ್ದರೆ ಹಗುರವಾಗುತ್ತಿತ್ತು. ತಮ್ಮ, "ಹೋಗಲಿ ಬಿಡಣ್ಣ" ಎಂದು ಎದ್ದುಹೋದ. ಬಹಳ ದಿನ ಆ ಮಾತು ನನ್ನನ್ನು ಚುಚ್ಚುತ್ತಿತ್ತು.

ಈಗ ಯಂತ್ರ ಅರೆ ನಿಮಿಷದಲ್ಲಿ ಎಚ್ಚರಗೊಳ್ಳುತ್ತದೆ. ಅಕ್ಕನ ಗಿರಾಕಿಗಳು ಮರಳಿ ಬಂದಿದ್ದಾರೆ. ಒಂದರ ಬದಲು ಎರಡು ರ್‍ಯಾಮು ಜೋಡೆತ್ತಿನಂತೆ ಎಳೆಯುವುದರಿಂದ, ಅದೇ ರ್‍ಯಾಮನ್ನು ಎರವಲು ಪಡೆಯುವ ಪ್ರೊಸೆಸರಿನೊಳಗಿನ ಗ್ರಾಫಿಕ್ಸಿಗೂ ತುಸು ಬಲ ಬಂದಿದೆ; ತಮ್ಮನ ಆಟ ಮೊದಲಿನಷ್ಟು ತೊದಲುವುದಿಲ್ಲ. ಆದರೂ ಮುದುಕ ಮುದುಕನೇ. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಇಷ್ಟು ಹಳೆಯ ಪ್ರೊಸೆಸರನ್ನು ಅಧಿಕೃತವಾಗಿ ಒಪ್ಪುವುದಿಲ್ಲ. ಇಂದಲ್ಲ ನಾಳೆ ಬೋರ್ಡನ್ನು ಬದಲಿಸಲೇಬೇಕು. ಆಗ ಎಸ್‌ಎಸ್‌ಡಿಯೂ ಎಸ್‌ಎಂಪಿಎಸ್ಸೂ ಹೊಸ ಮನೆಗೆ ಜೊತೆಯಲ್ಲಿ ಬರುತ್ತವೆ, ಡಿಡಿಆರ್3 ಬರುವುದಿಲ್ಲ. ಬಡವರ ಮನೆಯಲ್ಲಿ ಕೊಳ್ಳುವಾಗ ಇದನ್ನೂ ಎಣಿಸಬೇಕು.

ನಾನು ತಪ್ಪಿ ತಂದ ಡಿಡಿಆರ್4 ತುಂಡನ್ನು ತಮ್ಮ ಎಸೆಯಲು ಬಿಟ್ಟಿಲ್ಲ. ಮುಂದಿನ ಬೋರ್ಡು ಇದಕ್ಕೇ ಹೊಂದುವಂಥದ್ದಾಗಬೇಕೆಂದು ಈಗಲೇ ಕರಾರು ಮಾಡಿದ್ದಾನೆ. ಪುಸ್ತಕದ ನಡುವೆ ನವಿಲುಗರಿಯಿಟ್ಟು ಅದು ಮರಿ ಹಾಕುವುದೆಂದು ನಾವೆಲ್ಲ ಚಿಕ್ಕಂದಿನಲ್ಲಿ ಕಾದಿದ್ದೆವಲ್ಲವೇ? ಅದನ್ನು ಡಬ್ಬಿಯಲ್ಲಿಟ್ಟು ಅವನೂ ಹಾಗೆಯೇ ಮುಂದಿನ ಹೊಗೆಸೊಪ್ಪಿನ ಹರಾಜಿಗೆ ಕಾಯುತ್ತಿದ್ದಾನೆ. ಈ ಸಲ ಮೈಸೂರಿಗೆ ಅವನನ್ನೇ ಕಳುಹಿಸುವುದೆಂದು ಮನೆಯಲ್ಲಿ ತೀರ್ಮಾನವಾಗಿದೆ.