ಜಲಯಾನಕ್ಕೆ ಅಹಿಂಸೆಯ ಹೊದಿಕೆ

2021ರ ನವೆಂಬರಿನಲ್ಲಿ ಯಲಹಂಕ ಕೆರೆ ಕೋಡಿ ಹರಿದು ಕೇಂದ್ರೀಯ ವಿಹಾರ ಜಲಾವೃತವಾದಾಗ ನಿವಾಸಿಗಳನ್ನು ದೋಣಿಗಳಲ್ಲಿ ಹೊರತರಬೇಕಾಯಿತು. 2024ರ ಅಕ್ಟೋಬರಿನಲ್ಲಿ ಅದೇ ಸಂಕಟ ಮರುಕಳಿಸಿತು. ನೆನೆದ ಮೈಗೆ ಬೆಂಗಳೂರಿನ ಗಾಳಿಯೂ ಚಳಿಯೇ. ದಾಂಡೇಲಿಯ ಕಾಳೀ ನದಿಯಲ್ಲಿ ವಿನೋದಕ್ಕಾಗಿ ಹುಟ್ಟು ಹಾಕಲು ಹೊರಡುವ ಯುವಕರೂ ಇದನ್ನು ನೆನೆಯಬೇಕು.

ಹೊದಿಕೆಯನ್ನು ಆರಿಸುವ ಶ್ರಾವಕನ ಮುಂದೆ ಎರಡು ಪ್ರಶ್ನೆಗಳಿವೆ: ಇದು ಪ್ರಾಣ ಉಳಿಸೀತೇ? ಇದಕ್ಕಾಗಿ ಪ್ರಾಣ ಹೋಯಿತೇ? ಬಾತುಕೋಳಿಯ ಪುಕ್ಕ ತುಂಬಿದ ಹೊದಿಕೆ ಎರಡರಲ್ಲಿಯೂ ಸೋಲುತ್ತದೆ. ನೆನೆದರೆ ಅದು ಮುದ್ದೆಯಾಗಿ ಶಾಖವನ್ನು ಹಿಡಿದಿಡದು. ಹತ್ತಿ ನಿರ್ದೋಷವೆನಿಸಿದರೂ ಒದ್ದೆಯಾದಾಗ ಮೈಯ ಬಿಸಿಯನ್ನು ಹೀರುತ್ತದೆ. ಪಾಲಿಯೆಸ್ಟರ್ ಎಳೆ ನೀರು ಕುಡಿಯುವುದು ಅತ್ಯಲ್ಪ. ಹಿಂಡಿದರೆ ಮತ್ತೆ ಬೆಚ್ಚಗಿಡುತ್ತದೆ. ಆದರೆ ಒಗೆದಾಗ ಉದುರುವ ಅದರ ಸೂಕ್ಷ್ಮ ಎಳೆಗಳು ಜಲಚರಗಳ ಒಡಲನ್ನು ಸೇರುತ್ತವೆ. ಆದ್ದರಿಂದ ಮಿತವಾಗಿ ಕೊಂಡು ಬಹುಕಾಲ ಬಳಸುವುದೇ ವಿವೇಕ.

ಗಾಳಿ ತಡೆಯಲು ಒಂದು ಟಾರ್ಪಾಲು, ನೀರು ನುಗ್ಗದ ಚೀಲದಲ್ಲಿ ಒಣ ಬಟ್ಟೆ ಜತೆಗಿರಲಿ. ಒದ್ದೆ ಬಟ್ಟೆ ಕಳಚಿ, ಮೈ ಒರೆಸಿದ ಮೇಲೆಯೇ ಹೊದಿಸಬೇಕು.

ಇವಿಲ್ಲದೆ ಹೊರಡುವುದನ್ನು ಅಪರಿಗ್ರಹವೆಂದು ಭಾವಿಸಲಾಗದು, ಅದು ಪ್ರಮಾದ. ಪ್ರಮಾದವೇ ಹಿಂಸೆಯ ಬೇರೆಂದು ಶಾಸ್ತ್ರ ಸಾರುತ್ತದೆ. ಬಸದಿಗಳ ಟ್ರಸ್ಟುಗಳು ಇಂಥ ಕೆಲವು ಹೊದಿಕೆಗಳನ್ನು ಇಟ್ಟುಕೊಂಡು ಬೇಕಾದವರಿಗೆ ಕೊಟ್ಟು ಮರಳಿ ಪಡೆದರೆ, ಮನೆಮನೆಯೂ ಕೊಳ್ಳಬೇಕಾಗಿಲ್ಲ. ನೆರೆಯ ದಿನ ಅವೇ ಅಭಯದಾನವಾಗುತ್ತವೆ.