20ಕ್ಕೆ 11

ಪುಣೆಯ ವಾಕಡ್‌ನಲ್ಲಿ ಒಂದು ಅಪಾರ್ಟ್‌ಮೆಂಟಿನ ಲಿಫ್ಟಿನೊಳಗೆ ಜುಲೈ ತಿಂಗಳಿಡೀ ಒಂದು ಚೀಟಿ ಅಂಟಿಸಿತ್ತು. ಗಣಿತ ಮತ್ತು ವಿಜ್ಞಾನ, 5ರಿಂದ 10ನೇ ತರಗತಿ, ಸೋಮವಾರದಿಂದ ಶುಕ್ರವಾರ, ಸಂಜೆ 6ರಿಂದ 7.30, ತಿಂಗಳಿಗೆ 3,000 ರೂಪಾಯಿ. ಧಾರವಾಡದಿಂದ ಮೇ ತಿಂಗಳಲ್ಲಷ್ಟೇ ಬಂದಿದ್ದ ಅಪ್ಪ ದಿನಾ ಅದನ್ನು ಓದಿ ಸುಮ್ಮನಾಗುತ್ತಿದ್ದರು. 6ನೇ ತರಗತಿಯ ಮಗಳಿಗೆ ಮೊದಲ ಯೂನಿಟ್ ಟೆಸ್ಟಿನಲ್ಲಿ, ಗಣಿತಕ್ಕೆ, 20ಕ್ಕೆ 11 ಬಂದ ದಿನ ಮಾತ್ರ ಮೊಬೈಲಿನಲ್ಲಿ ಚೀಟಿಯ ಫೋಟೊ ತೆಗೆದುಕೊಂಡು ಮೇಲೆ ಬಂದರು.

‘ನಾಳಿಂದನ ಹಚ್ಚಿಬಿಡೋಣು’ ಎಂದರು. ಅವರ ಹೆದರಿಕೆ ಸುಳ್ಳೇನಲ್ಲ. ಸಮಾಜ ವಿಜ್ಞಾನದಲ್ಲಿ ಒಂದು ಪಾಠ ಬಿಟ್ಟರೆ ಮುಂದಿನದನ್ನು ಓದಿಕೊಳ್ಳಬಹುದು. ಗಣಿತದಲ್ಲಿ 6ನೇ ತರಗತಿಯ ಅಪವರ್ತನ ಬಾರದವರಿಗೆ 7ರ ಭಿನ್ನರಾಶಿ ಬರುವುದಿಲ್ಲ, ಅದು ಬಾರದವರಿಗೆ 8ರ ಬೀಜಗಣಿತ ಕಾಡುತ್ತದೆ. ಮಹಡಿಯಲ್ಲಿದ್ದ ನಾಲ್ಕು ಮನೆಗಳಲ್ಲಿ ಮೂರು ಮನೆಯ ಮಕ್ಕಳು ಟ್ಯೂಷನ್‌ಗೆ ಹೋಗುತ್ತಿದ್ದರು. ಕೇಂದ್ರ ಸರ್ಕಾರದ 2025ರ ಶಿಕ್ಷಣ ಸಮೀಕ್ಷೆಯ ಪ್ರಕಾರ ದೇಶದ ವಿದ್ಯಾರ್ಥಿಗಳಲ್ಲಿ ಸುಮಾರು ಶೇ. 27ರಷ್ಟು ಮಂದಿ ಖಾಸಗಿ ಕೋಚಿಂಗ್ ಪಡೆಯುತ್ತಾರೆ. ಆ ಮಹಡಿಯಲ್ಲಿ ನಿಂತು ನೋಡಿದವರಿಗೆ ಅದು ನೂರಕ್ಕೆ ನೂರು ಎನಿಸಿದರೆ ತಪ್ಪಿಲ್ಲ.

ಅಮ್ಮ ಆಗಲಿ ಎನ್ನಲಿಲ್ಲ, ಬೇಡ ಎಂದೂ ಅನ್ನಲಿಲ್ಲ. ಧಾರವಾಡಕ್ಕೆ ಫೋನು ಮಾಡಿದಾಗ ಅಜ್ಜಿ ಕೇಳಿದ್ದು ಒಂದೇ ಮಾತು: ‘ಆಕಿಗೆ ಲೆಕ್ಕ ಬರೂದಿಲ್ಲೋ, ಲೆಕ್ಕ ಕೇಳಿದ್ದು ತಿಳಿಯೂದಿಲ್ಲೋ? ಮದಲ ಅದನ್ನ ನೋಡವಾ.’

ಭಾನುವಾರ ಅಮ್ಮ ಉತ್ತರಪತ್ರಿಕೆ ಹಿಡಿದು ಕೂತರು. ಅಂಕವನ್ನು ಎಲ್ಲರೂ ನೋಡಿದ್ದರು, ಉತ್ತರಗಳನ್ನು ಯಾರೂ ನೋಡಿರಲಿಲ್ಲ. ಹೋದ 9 ಅಂಕಗಳಲ್ಲಿ ಒಂದು ಮಾತ್ರ ಕೂಡುವಾಗಿನ ಅಜಾಗರೂಕತೆಯದು. 2 ಅಂಕ ಹೋದದ್ದು ಲಸಾಅ ಕಂಡುಹಿಡಿಯಬೇಕಾದ ಕಡೆ ಮಸಾಅ ಕಂಡುಹಿಡಿದದ್ದಕ್ಕೆ. ಉಳಿದ 6 ಅಂಕದ ಎರಡು ಪ್ರಶ್ನೆಗಳನ್ನು ಹುಡುಗಿ ಮುಟ್ಟಿಯೇ ಇರಲಿಲ್ಲ. ಎರಡೂ ವಾಕ್ಯದ ಲೆಕ್ಕಗಳು. ಒಂದು ಗಂಟೆ 9 ನಿಮಿಷಕ್ಕೊಮ್ಮೆ ಬಾರಿಸುತ್ತದೆ, ಇನ್ನೊಂದು 12 ನಿಮಿಷಕ್ಕೊಮ್ಮೆ. ಈಗ ಒಟ್ಟಿಗೆ ಬಾರಿಸಿದರೆ ಮತ್ತೆ ಯಾವಾಗ ಒಟ್ಟಿಗೆ ಬಾರಿಸುತ್ತವೆ?

ಅಮ್ಮ ಗಂಟೆಯನ್ನು ಬಿಟ್ಟು ಬಸ್ಸು ಹಿಡಿದರು. ಜುಬಿಲಿ ಸರ್ಕಲ್ಲಿನಿಂದ ಒಂದು ಬಸ್ಸು 9 ನಿಮಿಷಕ್ಕೊಮ್ಮೆ, ಇನ್ನೊಂದು 12 ನಿಮಿಷಕ್ಕೊಮ್ಮೆ ಹೊರಡುತ್ತದೆ ಎಂದು ಕನ್ನಡದಲ್ಲಿ ಹೇಳಿದ್ದೇ ಹುಡುಗಿ 36 ಎಂದಳು. ಹಾಗಾದರೆ ಟೆಸ್ಟಿನಲ್ಲಿ ಯಾಕೆ ಬಿಟ್ಟೆ?

ಸ್ವಲ್ಪ ಹೊತ್ತು ಸುಮ್ಮನಿದ್ದು ಹುಡುಗಿ ಹೇಳಿದಳು. ಧಾರವಾಡದ ಶಾಲೆಯೂ ಇಂಗ್ಲಿಷ್ ಮಾಧ್ಯಮವೇ. ಆದರೆ ಅಲ್ಲಿ ಟೀಚರ್ ಪಾಠವನ್ನು ಇಂಗ್ಲಿಷಿನಲ್ಲಿ ಓದಿ, ಬಿಡಿಸಿ ಹೇಳುವಾಗ ಕನ್ನಡಕ್ಕೆ ಇಳಿಯುತ್ತಿದ್ದರು. ಇಲ್ಲಿಯ ಟೀಚರ್ ಮರಾಠಿಗೋ ಹಿಂದಿಗೋ ಇಳಿಯುತ್ತಾರೆ. ಲೆಕ್ಕದ ಹಂತಗಳು ಬೋರ್ಡಿನ ಮೇಲಿರುತ್ತವೆ, ಅದನ್ನು ಬರೆದುಕೊಳ್ಳುತ್ತಾಳೆ. ಯಾಕೆ ಹಾಗೆ ಎಂಬುದು ಮಾತಿನಲ್ಲೇ ಕಳೆದುಹೋಗುತ್ತದೆ. ಒಂದು ಸಲ ಕೈ ಎತ್ತಿ ಕೇಳಿದಾಗ ಯಾರೋ ನಕ್ಕರಂತೆ. ಆಮೇಲೆ ಎತ್ತಿಲ್ಲ. ‘ನಾ ದಡ್ಡಿ ಅಂತ ಅನಸ್ತದ’ ಎಂದಳು. ಊರು ಬದಲಿಸಿದ ಮನೆಗಳಲ್ಲಿ ದೊಡ್ಡವರು ಬಾಡಿಗೆ, ಗ್ಯಾಸ್, ಆಫೀಸು ಎಂದು ಓಡಾಡುತ್ತಿರುವಾಗ ಇಂಥ ಮಾತು ಎರಡು ತಿಂಗಳು ಯಾರ ಕಿವಿಗೂ ಬೀಳದೆ ಉಳಿದುಬಿಡುತ್ತದೆ.

ಆದರೂ ಬುಧವಾರ ಡೆಮೊ ಕ್ಲಾಸಿಗೆ ಹೋದರು. ಒಬ್ಬರ ಮನೆಯ ಹಾಲು, 14 ಮಕ್ಕಳು, ಗೋಡೆಗೆ ಬಿಳಿ ಬೋರ್ಡು. ಪಾಠ ಮಾಡುವವರು ಚುರುಕಾಗಿದ್ದರು, ಮಕ್ಕಳಿಗೆ ಅವರ ಮೇಲೆ ಪ್ರೀತಿಯೂ ಇತ್ತು. ‘ಒಟ್ಟಿಗೆ’ ಎಂದು ಕಂಡರೆ ಲಸಾಅ, ‘ಕತ್ತರಿಸು’, ‘ಹಂಚು’ ಎಂದು ಕಂಡರೆ ಮಸಾಅ ಎಂಬ ಸೂತ್ರ ಕೊಟ್ಟರು. ಹುಡುಗಿ ಖುಷಿಯಿಂದ ಮನೆಗೆ ಬಂದಳು. ರಾತ್ರಿ ಅಮ್ಮ ಒಂದು ಲೆಕ್ಕ ಹಾಕಿದರು: 12 ಸೆಂಟಿಮೀಟರ್ ಅಗಲ, 18 ಸೆಂಟಿಮೀಟರ್ ಉದ್ದದ ಟೈಲ್ಸು ಜೋಡಿಸಿ ಮಾಡಬಹುದಾದ ಅತಿ ಚಿಕ್ಕ ಚೌಕದ ಬದಿ ಎಷ್ಟು? ‘ಒಟ್ಟಿಗೆ’ ಎಂಬ ಪದ ಎಲ್ಲೂ ಇಲ್ಲ. ಹುಡುಗಿ 6 ಎಂದು ಬರೆದಳು. 12ರ ಟೈಲ್ಸಿನಿಂದ 6ರ ಚೌಕ ಹೇಗಾಗುತ್ತದೆ ಎಂಬ ಯೋಚನೆ ಬರಲಿಲ್ಲ, ಸೂತ್ರಕ್ಕೆ ಅದು ಬೇಕಿರಲಿಲ್ಲ.

ಒಬ್ಬರಿಗೆ ಒಬ್ಬರೇ ಕೂತು ಕಲಿಸುವುದರ ಶಕ್ತಿ ದೊಡ್ಡದು. ಬೆಂಜಮಿನ್ ಬ್ಲೂಮ್ 1984ರಲ್ಲಿ ಪ್ರಕಟಿಸಿದ ಪ್ರಸಿದ್ಧ ಲೇಖನದಲ್ಲಿ, ಹಾಗೆ ಕಲಿತ ಸಾಧಾರಣ ವಿದ್ಯಾರ್ಥಿ ಮಾಮೂಲಿ ತರಗತಿಯ ಶೇ. 98ರಷ್ಟು ಮಕ್ಕಳಿಗಿಂತ ಮುಂದಿರುತ್ತಾನೆ ಎಂದಿತ್ತು. ನಂತರದ ಅಧ್ಯಯನಗಳಲ್ಲಿ ಅಷ್ಟು ದೊಡ್ಡ ಲಾಭ ಕಾಣಲಿಲ್ಲ, ಲಾಭವಂತೂ ಕಂಡಿದೆ. ಆದರೆ 14 ಮಕ್ಕಳ ಹಾಲಿನಲ್ಲಿ ಸಿಗುವುದು ಅದಲ್ಲ. ಅದು ಇನ್ನೊಂದು ತರಗತಿ, ಅದೇ ಮರಾಠಿ, ಅದೇ ಎತ್ತದ ಕೈ.

ಅಪ್ಪನನ್ನು ಒಪ್ಪಿಸಿದ್ದು ಇದ್ಯಾವುದೂ ಅಲ್ಲ, ಸಂಜೆಯ ಹೊತ್ತು. 6ರಿಂದ 7.30 ಹುಡುಗಿ ಕೆಳಗೆ ಆಡುವ ಸಮಯ. ಅವಳು ಮರಾಠಿ ಕಲಿಯುತ್ತಿದ್ದದ್ದು ಅಲ್ಲೇ, ಲಗೋರಿ ಆಡುತ್ತಾ, ಜಗಳ ಕಾಯುತ್ತಾ. ಟ್ಯೂಷನ್ ಹಚ್ಚಿದರೆ ಲೆಕ್ಕ ಅರ್ಥವಾಗದಿರುವ ಕಾರಣವನ್ನು ಮೂರು ಸಾವಿರ ಕೊಟ್ಟು ಗಟ್ಟಿ ಮಾಡಿದಂತೆ.

ನಿಜವಾಗಿ ಹೊರಗಿನವರ ಸಹಾಯ ಬೇಕಿದ್ದದ್ದು ಬೇರೆ ಕಡೆ. 2020ರ ಕಾಯ್ದೆಯಿಂದ ಮಹಾರಾಷ್ಟ್ರದಲ್ಲಿ ಯಾವ ಬೋರ್ಡಿನ ಶಾಲೆಯಾದರೂ ಮರಾಠಿ ಕಲಿಸುವುದು ಕಡ್ಡಾಯ. ಗಣಿತವನ್ನಾದರೆ ಮನೆಯಲ್ಲಿ ಹೇಳಿಕೊಡಬಹುದು, ಮರಾಠಿ ಇಬ್ಬರಿಗೂ ಬಾರದು. ಎದುರುಮನೆಯ ನಿವೃತ್ತ ಶಿಕ್ಷಕಿಯನ್ನು ಕೇಳಿದಾಗ ಶನಿವಾರ ಮತ್ತು ಭಾನುವಾರ ಒಂದೊಂದು ಗಂಟೆ ಒಪ್ಪಿದರು. ತಿಂಗಳಿಗೆ 500 ರೂಪಾಯಿ ಬೇಕೆಂದರು. ಹಣ ಕೊಟ್ಟರೆ ನೀವು ತಪ್ಪಿಸುವುದಿಲ್ಲ ಎಂಬುದು ಅವರ ಕಾರಣ. ಹುಡುಗಿಯ ‘ಳ’ ತಮ್ಮ ಹಿಂದಿಯ ಕಡೆಯ ಶಿಷ್ಯರಿಗಿಂತ ಎಷ್ಟೋ ಚೆನ್ನ ಎಂದು ಮೊದಲ ದಿನವೇ ಹೊಗಳಿದರು. ಬಹಳ ದಿನಗಳ ಮೇಲೆ ಸಿಕ್ಕ ಹೊಗಳಿಕೆ. ಲಸಾಅಗೆ ಮರಾಠಿಯಲ್ಲಿ ಲಸಾವಿ ಎನ್ನುತ್ತಾರೆಂದು ಹುಡುಗಿ ಮನೆಗೆ ಬಂದು ವರದಿ ಮಾಡಿದಳು.

ಗಣಿತಕ್ಕೆ ಮನೆಯಲ್ಲೇ ದಿನಕ್ಕೆ 20 ನಿಮಿಷ ಎಂದು ಗೊತ್ತುಮಾಡಿದ್ದು ಅಷ್ಟು ಸಲೀಸಾಗಲಿಲ್ಲ. ಎರಡನೇ ವಾರಕ್ಕೇ ಅಮ್ಮನ ದನಿ ಏರಿತು, ಪೆನ್ಸಿಲು ಹಾರಿತು. ತಾಯಿ ಮಗಳು ಲೆಕ್ಕಕ್ಕೆ ಕೂತು ಹೀಗೇ ನಡೆದರೆ ಟ್ಯೂಷನ್ನೇ ವಾಸಿ, ಅದರಲ್ಲಿ ಅವಮಾನವಿಲ್ಲ. ಸದ್ಯಕ್ಕೆ ಅಪ್ಪ ಆ ಕೆಲಸ ವಹಿಸಿಕೊಂಡರು. ಅವರು ನಿಧಾನ, ಸಿಟ್ಟು ಕಡಿಮೆ, ಅರ್ಧ ಲೆಕ್ಕ ಅವರಿಗೇ ಮರೆತಿದೆ. ಮಗಳಿಗೆ ಅದು ಅನುಕೂಲವೇ ಆಯಿತು, ಅಪ್ಪನಿಗೆ ಬಿಡಿಸಿ ಹೇಳುತ್ತಾಳೆ. ಶಾಲೆಯ ಟೀಚರನ್ನೂ ಅಮ್ಮ ಕಂಡು ಬಂದರು. ಮಗು ಕೇಳುವುದಿಲ್ಲವಾದ್ದರಿಂದ ಎಲ್ಲ ತಿಳಿದಿದೆ ಎಂದುಕೊಂಡಿದ್ದೆ ಎಂದರಂತೆ ಅವರು.

ಎರಡನೇ ಟೆಸ್ಟಿನಲ್ಲಿ ನೋಡಿ ತೀರ್ಮಾನಿಸೋಣ ಎಂದು ಗಂಡಹೆಂಡತಿ ಮೊದಲೇ ಮಾತಾಡಿಕೊಂಡಿದ್ದರು. 20ಕ್ಕೆ 13 ಬಂತು. ಅಪ್ಪನಿಗೆ ಸಮಾಧಾನವಾಗಲಿಲ್ಲ. ಅಮ್ಮ ಪತ್ರಿಕೆ ತಿರುವಿ ತೋರಿಸಿದರು, ಖಾಲಿ ಬಿಟ್ಟ ಪ್ರಶ್ನೆ ಒಂದೂ ಇರಲಿಲ್ಲ. ತಪ್ಪುಗಳಿದ್ದವು, ಹೊಸ ಹೊಸ ತಪ್ಪುಗಳು. ಒಂದು ಕಡೆ ಉತ್ತರ ಹೊಡೆದುಹಾಕಿ ಮತ್ತೆ ಬರೆದು, ಅದೂ ತಪ್ಪಾಗಿತ್ತು. ದೀಪಾವಳಿ ರಜೆ ಮುಗಿದ ಮೇಲೆ ಮತ್ತೆ ನೋಡೋಣ ಎಂದಾಯಿತು.

ಚೀಟಿಯ ಫೋಟೊ ಅಪ್ಪನ ಮೊಬೈಲಿನಲ್ಲಿ ಇನ್ನೂ ಇದೆ. ‘ಎಂಟನೇತ್ತಾಕ ಬೇಕಾದೀತು’ ಎನ್ನುತ್ತಾರೆ.